ಹೆಪ್ಪು ಹಾಕದ ಬಿಯರ್

ಮಹಾಕಾವ್ಯದಲ್ಲಿ ಇರತಕ್ಕವೆಂದು ನಮ್ಮ ಲಾಕ್ಷಣಿಕರು ವಿಧಿಸಿದ ಅಷ್ಟಾದಶ ವರ್ಣನೆಗಳೊಳಗೆ, ಸಮುದ್ರ ಪರ್ವತ ಚಂದ್ರೋದಯಗಳ ಪಂಕ್ತಿಯಲ್ಲಿಯೇ, ಮಧುಪಾನಕ್ಕೂ ಒಂದು ಸ್ಥಾನವುಂಟು. ಅದನ್ನು ಪಾನಗೋಷ್ಠಿಯೆಂದು ಕರೆಯುವ ವಾಡಿಕೆಯಲ್ಲಿ ಗೋಷ್ಠಿಯೆಂಬ ಪದ ಸುಮ್ಮನೆ ಬಂದು ಸೇರಿದ್ದಲ್ಲ. ಕುಡಿದವನು ಕುಡಿದುದರ ಗುಣಾವಗುಣಗಳನ್ನು ಸಮಾನಶೀಲರೊಡನೆ ಆಡಿ ತೋರಿಸುವಾಗಲೇ ಆ ಸಭೆಗೆ ರಸವೇರುತ್ತದೆ. ಬಿಯರ್ ಪ್ರಿಯರ ಇಂದಿನ ಕೂಟಗಳಲ್ಲಿ, ಅವು ಲಂಡನ್ನಿನಲ್ಲಿ ಸೇರಲಿ, 2010ರ ಈಚೆಗೆ ಕಿರು ಬ್ರೂವರಿಗಳು ಹೆಜ್ಜೆಗೊಂದರಂತೆ ತಲೆಯೆತ್ತಿದ ನಮ್ಮ ಬೆಂಗಳೂರಿನಲ್ಲಿಯೇ ಸೇರಲಿ, ನಡೆಯುವುದು ಇಂಥ ಗೋಷ್ಠಿಯೇ: ಯಾವ ಊರಿಗೆ ಹೋಗಿದ್ದೆ, ಯಾವ ಪೀಪಾಯಿಯಿಂದ ಬಗ್ಗಿಸಿಕೊಟ್ಟರು, ಅದು ಯಾವ ವರ್ಷದ್ದು, ನಿನಗೆ ಹಿಡಿಸಿದ್ದು ಯಾವುದು, ಏಕೆ? ಇಂಥ ಮಾತು ಸ್ವಲ್ಪ ಹೊತ್ತು ಹರಿದಮೇಲೆ, ಬೆಲ್ಜಿಯಮಿನ ರಾಜಧಾನಿಯಾದ ಬ್ರಸೆಲ್ಸಿನ ಆಸುಪಾಸಿನಲ್ಲಿ ಮಾತ್ರ ಸಿದ್ಧವಾಗುವ ಲ್ಯಾಂಬಿಕ್ ಎಂಬ ಹುಳಿ ಬಿಯರಿನ ಬಳಿಗೆ ಬಾರದೆ ನಿಲ್ಲುವುದು ಅಪರೂಪ. ಬಂದಮೇಲೆ ಅಲ್ಲಿಂದ ಬೇಗನೆ ಏಳುವುದು ಇನ್ನೂ ಅಪರೂಪ.

ಇದರ ವೈಶಿಷ್ಟ್ಯವನ್ನು ಕನ್ನಡದ ಮನೆಯಲ್ಲಿ ಬೆಳೆದವರಿಗೆ ತಿಳಿಸಿಕೊಡುವುದು ಕಷ್ಟವಲ್ಲ. ಹಾಲು ಮೊಸರಾಗಬೇಕಾದರೆ ನಿನ್ನೆಯ ಮೊಸರಿನಿಂದ ಒಂದು ಚಮಚೆ ಹೆಪ್ಪು ಬೇಕು. ಹೆಪ್ಪು ಮುಗಿದರೆ ನೆರೆಮನೆಯ ಬಾಗಿಲು ತಟ್ಟಬೇಕು. ಇಡ್ಲಿಯ ಹಿಟ್ಟಿಗಾದರೋ ಯಾರೂ ಹೆಪ್ಪು ಹಾಕುವುದಿಲ್ಲ. ರಾತ್ರಿ ರುಬ್ಬಿ ಮುಚ್ಚಿಟ್ಟುದು ಬೆಳಗಾಗುವುದರೊಳಗೆ ತಾನಾಗಿಯೇ ಹುದುಗಿ, ಮುಚ್ಚಳವನ್ನೆತ್ತಿ ನಿಂತಿರುತ್ತದೆ. ಲೋಕದ ಬಹುತೇಕ ಬಿಯರುಗಳು ಮೊಸರಿನ ಜಾತಿಗೆ ಸೇರಿದವು. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಎಂಬ ವಿಜ್ಞಾನಿ ಶುದ್ಧವಾದ ಒಂದೇ ತಳಿಯ ಯೀಸ್ಟನ್ನು ಬೇರ್ಪಡಿಸಿ ಬೆಳೆಸುವ ಕ್ರಮವನ್ನು ಸಾಧಿಸಿದಂದಿನಿಂದ, ಗೊತ್ತಾದ ಹೆಪ್ಪನ್ನು ಗೊತ್ತಾದ ಪ್ರಮಾಣದಲ್ಲಿ ಹಾಕಿ, ಪ್ರತಿ ಸಲವೂ ಒಂದೇ ರುಚಿಯನ್ನು ಪಡೆಯುವುದೇ ಬ್ರೂವರಿಯ ಜಾಣ್ಮೆಯೆನಿಸಿತು. ಲ್ಯಾಂಬಿಕ್ ಇಡ್ಲಿ ಹಿಟ್ಟಿನ ಜಾತಿಯದು. ಒಂದೇ ಭೇದವೆಂದರೆ, ನಮ್ಮ ಹಿಟ್ಟನ್ನು ಹುದುಗಿಸುವ ಜೀವಿಗಳು ಬಹುಮಟ್ಟಿಗೆ ಉದ್ದಿನ ಬೇಳೆಯೊಡನೆಯೇ ಬಂದಿರುತ್ತವೆ; ಇಲ್ಲಿ ಕಾಳಿನ ರಸವನ್ನು ಕುದಿಸಿಬಿಡುವುದರಿಂದ, ಬ್ರಸೆಲ್ಸಿನ ಸೆನ್ ನದಿಯ ಕಣಿವೆಯ ಗಾಳಿ, ಬ್ರೂವರಿಯ ಅಟ್ಟದ ತೊಲೆ, ಪೀಪಾಯಿಯ ಮರ ಇವುಗಳಲ್ಲಿ ನೆಲಸಿರುವ ಜೀವಿಗಳೇ ಬಂದು ಇಳಿಯಬೇಕು.

ಬ್ರಸೆಲ್ಸಿನ ದಕ್ಷಿಣ ರೈಲು ನಿಲ್ದಾಣದಿಂದ ಹೊರಬಿದ್ದು, ಆಂಡರ್ಲೆಖ್ಟ್ ಎಂಬ ಶ್ರಮಜೀವಿಗಳ ಬಡಾವಣೆಯ ಕಡೆಗೆ ಹತ್ತು ಹದಿನೈದು ನಿಮಿಷ ನಡೆದರೆ, ಬೀದಿಯ ಇತರ ಮನೆಗಳಿಂದ ಹೆಚ್ಚಿನ ಭೇದವಿಲ್ಲದ ಮುಖವುಳ್ಳ ಕಾಂತಿಯೋಂ ಬ್ರೂವರಿ ಸಿಗುತ್ತದೆ. ಪೌಲ್ ಕಾಂತಿಯೋಂ ಎಂಬವನು 1900ರಲ್ಲಿ ಸ್ಥಾಪಿಸಿದ ಈ ಮನೆ, ಆರಂಭದಲ್ಲಿ ಬೇರೆಯವರಿಂದ ಲ್ಯಾಂಬಿಕನ್ನು ಕೊಂಡು ಹದಗೊಳಿಸಿ ಮಾರುತ್ತಿದ್ದುದು, 1930ರ ದಶಕದ ಕೊನೆಯಲ್ಲಿ ತಾನೇ ಕುದಿಸಲಾರಂಭಿಸಿತು. ಅಳಿಯನಾಗಿ ಬಂದ ಜಾನ್ ಪಿಯೇರ್ ವಾನ್ ರಾಯ್ 1978ರಲ್ಲಿ ಕೆಲಸ ನಡೆಯುತ್ತಿರುವ ಬ್ರೂವರಿಯನ್ನೇ ವಸ್ತುಸಂಗ್ರಹಾಲಯವಾಗಿಯೂ ತೆರೆದರು. ಗಾಜಿನ ಪೆಟ್ಟಿಗೆಯೊಳಗೆ ಏನನ್ನೂ ಇಡದ ಆ ಸಂಗ್ರಹಾಲಯದಲ್ಲಿ, ಒದ್ದೆ ನೆಲ, ಪಟ್ಟಿಯಿಂದ ತಿರುಗುವ ಹಳೆಯ ಯಂತ್ರ, ಮರದ ಏಣಿ, ಎಲ್ಲವೂ ಇಂದಿನ ಉಪಯೋಗದಲ್ಲಿಯೇ ಇವೆ. ಈಗ ಮಗನಾದ ಜಾನ್ ವಾನ್ ರಾಯ್ ಅದನ್ನು ನಡೆಸುತ್ತಿದ್ದಾರೆ.

ಏಣಿಯನ್ನೇರಿ ಸೂರಿನ ಅಡಿಗೆ ಹೋದಾಗ, ಇಡೀ ಕಟ್ಟಡದ ಹೃದಯವೆನ್ನಬಹುದಾದ ವಸ್ತು ಕಣ್ಣಿಗೆ ಬೀಳುತ್ತದೆ: ಕೆಂಪು ತಾಮ್ರದ, ಬಹಳ ಅಗಲವಾದ, ಆಳ ಕಡಿಮೆಯಾದ ಒಂದು ತೊಟ್ಟಿ. ಕೆಳಗೆ ಕೊಪ್ಪರಿಗೆಯಲ್ಲಿ ನೂರಕ್ಕೆ 65 ಪಾಲು ಬಾರ್ಲಿ ಮಾಲ್ಟು, 35 ಪಾಲು ಮೊಳೆಯಿಸದ ಹಸಿ ಗೋಧಿ ಇವುಗಳಿಂದ ಇಳಿಸಿದ ಸಿಹಿರಸವನ್ನು ಗಂಟೆಗಟ್ಟಲೆ ಕುದಿಸಿ, ಸುಮಾರು 7,500 ಲೀಟರಾಗುವಷ್ಟು ಬತ್ತಿಸಿ, ಸಾಯಂಕಾಲ ಇಲ್ಲಿಗೆ ಹಾಯಿಸುತ್ತಾರೆ. ಕುದಿಸುವಾಗ ಹಾಕುವ ಹಾಪ್ ಹೂವೂ ಹೊಸದಲ್ಲ; ಎರಡು ಮೂರು ವರ್ಷ ಇಟ್ಟು, ಕಹಿಯೂ ಪರಿಮಳವೂ ಅಡಗಿ, ಕೆಡಿಸುವ ಜೀವಿಗಳನ್ನು ತಡೆಯುವ ಗುಣವೊಂದೇ ಉಳಿದ ಹಳೆಯ ಹೂ. ಗೋಡೆಯ ಪಟ್ಟಿಕಿಟಕಿಗಳನ್ನು ತೆರೆದಿಟ್ಟ ಅಟ್ಟದಲ್ಲಿ ಆ ರಸ ಇಡೀ ರಾತ್ರಿ ಹಬೆಯಾಡುತ್ತ ಮಲಗಿರುತ್ತದೆ. ಬೆಳಿಗ್ಗೆ ಅದು ಹದಿನೆಂಟಿಪ್ಪತ್ತು ಡಿಗ್ರಿಗೆ ತಣಿದಿರುವಾಗ, ಏನು ಇಳಿಯಬೇಕೋ ಅದು ಇಳಿದಾಗಿರುತ್ತದೆ.

ಅಲ್ಲಿಂದ ಮುಂದಿನ ಕಥೆಯೆಲ್ಲ ಓಕ್ ಮರದ ಪೀಪಾಯಿಗಳದು. ಮೊದಲ ದಿನಗಳಲ್ಲಿ ಹುದುಗಿನ ರಭಸಕ್ಕೆ ನೊರೆ ಬಾಯಿ ಮೀರಿ ಮರದ ಹೊಟ್ಟೆಯ ಮೇಲೆ ಕಂದುಬಣ್ಣದ ಗೆರೆಯಾಗಿ ಹರಿಯುವುದರಿಂದ ಬೆಣೆ ಬಿಗಿಯುವಂತಿಲ್ಲ. ಬಿಗಿದರೆ ಪೀಪಾಯಿಯೇ ಒಡೆದೀತು. ಹಲವು ವಾರಗಳಾದ ಮೇಲೆ ಅದು ಶಾಂತವಾಗುತ್ತದೆ. ಒಳಗೆ ಮಾತ್ರ ಒಂದು ಜಾತಿಯ ಜೀವಿ ಹಿಂದೆ ಸರಿದು ಇನ್ನೊಂದು ಮುಂದೆ ಬರುತ್ತಿರುತ್ತದೆ: ಮೊದಲು ಸಾಮಾನ್ಯ ಯೀಸ್ಟು ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ, ಕೆಲವು ತಿಂಗಳುಗಳ ತರುವಾಯ ಹುಳಿ ಬರಿಸುವ ಬ್ಯಾಕ್ಟೀರಿಯಗಳ ಕಾಲ, ವರ್ಷ ತುಂಬುತ್ತ ಬಂದಂತೆ ಬ್ರೆಟನೊಮೈಸೀಸ್ ಎಂಬ ನಿಧಾನಗತಿಯ ಯೀಸ್ಟು ಮೇಲುಗೈ ಪಡೆದು, ಲ್ಯಾಂಬಿಕ್ಕಿಗೆ ಅದರದೇ ಆದ ಹಣ್ಣು, ಒಣಹುಲ್ಲು, ಹಳೆಯ ತೊಗಲುಗಳ ಗಂಧವನ್ನು ಕೊಡುತ್ತದೆ. ಶುದ್ಧ ತಳಿಯ ಕ್ರಮವನ್ನು ಲೋಕಕ್ಕೆ ಕೊಟ್ಟ ಅದೇ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ, 1904ರಲ್ಲಿ ಕ್ಲಾಸೆನ್ ಎಂಬ ವಿಜ್ಞಾನಿ ಇಂಗ್ಲೆಂಡಿನ ಹಳೆಯ ಬಿಯರುಗಳಲ್ಲಿ ಈ ಜೀವಿಯನ್ನು ಕಂಡು ಹೆಸರಿಟ್ಟನು. ಬೇರೆಡೆ ಬ್ರೂವರಿಗಳೂ ದ್ರಾಕ್ಷಾಮದ್ಯದ ಮನೆಗಳೂ ಇದನ್ನು ಕಂಡರೆ ಹೆದರುತ್ತವೆ; ಸೆನ್ ಕಣಿವೆಯಲ್ಲಿ ಇದು ಮನೆಯ ಹಿರಿಯನಂತೆ ಮಾನ್ಯ.

ಪೀಪಾಯಿಗಳ ಸಾಲಿನ ನಡುವೆ ಜೇಡರ ಬಲೆ ಧಾರಾಳವಾಗಿದೆ. ಅದನ್ನು ಯಾರೂ ಗುಡಿಸುವುದಿಲ್ಲ. ಹುಳಿಗೂ ಹಣ್ಣಿಗೂ ಮುತ್ತುವ ನೊಣಗಳನ್ನು ಜೇಡ ಹಿಡಿಯುತ್ತದಾದ್ದರಿಂದ, ಅಲ್ಲಿ ಜೇಡನನ್ನು ಕೊಲ್ಲುವುದು ನಿಷಿದ್ಧ.

ಪೀಪಾಯಿಯಿಂದ ನೇರವಾಗಿ ಬಗ್ಗಿಸಿದ ಲ್ಯಾಂಬಿಕ್ಕಿನಲ್ಲಿ ನೊರೆಯಿಲ್ಲ, ಗುಳ್ಳೆಯಿಲ್ಲ. ನೊರೆಯೇ ಬಿಯರಿನ ಲಕ್ಷಣವೆಂದು ನಂಬಿದವನಿಗೆ ಮೊದಲ ಗುಟುಕು ಹುಣಿಸೆಯ ತಿಳಿಯಂತೆಯೂ ಹಳೆಯ ದ್ರಾಕ್ಷಾರಸದಂತೆಯೂ ತೋರಿ, ಬಾಯಿ ಜುಮ್ಮೆಂದು, ಹಿಂದೆಯೇ ಒಂದು ಒಗರು ನಾಲಿಗೆಯ ಅಂಚನ್ನು ಹಿಡಿಯುತ್ತದೆ. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್ಕುಗಳನ್ನು ಬೆರಸಿ, ಶಾಂಪೇನ್ ಮಾದರಿಯ ದಪ್ಪ ಶೀಷೆಗೆ ತುಂಬಿ, ಬಿರಡೆಯಿಟ್ಟು ಮಲಗಿಸಿದಾಗ ಅದು ಗ್ಯೂಜ್ ಆಗುತ್ತದೆ: ಎಳೆಯದರಲ್ಲಿ ಉಳಿದ ಸಕ್ಕರೆ ಶೀಷೆಯೊಳಗೆ ಮತ್ತೆ ಹುದುಗಿ ಗುಳ್ಳೆಯೆಬ್ಬಿಸುತ್ತದೆ, ಮುದಿಯದು ಗಾಂಭೀರ್ಯವನ್ನು ಕೊಡುತ್ತದೆ. ಪೀಪಾಯಿಗೆ ಹುಳಿ ಚೆರಿಹಣ್ಣನ್ನು ಲೀಟರಿಗೆ ಸುಮಾರು 200 ಗ್ರಾಮಿನಂತೆ ಸುರಿದು ತಿಂಗಳುಗಟ್ಟಲೆ ಬಿಟ್ಟರೆ, ಮಾಣಿಕ್ಯದ ಬಣ್ಣದ ಕ್ರೀಕ್. ನನ್ನ ಮನಸ್ಸು ಮಾತ್ರ ಗ್ಯೂಜಿನ ಕಡೆಗೇ. ಹಣ್ಣು ಎಷ್ಟು ಸೊಗಸಾದರೂ ಹೊರಗಿನಿಂದ ಬಂದದ್ದು. ಬೆರಸುವವನ ನಾಲಿಗೆ ಪರೀಕ್ಷೆಗೆ ನಿಲ್ಲುವುದು ಗ್ಯೂಜಿನಲ್ಲಿಯೇ. ಒಂದೇ ದಿನ ಒಂದೇ ತೊಟ್ಟಿಯಿಂದ ತುಂಬಿದ ಎರಡು ಪೀಪಾಯಿಗಳು ಎರಡು ವರ್ಷದ ಅನಂತರ ಒಡಹುಟ್ಟಿದವರಷ್ಟೇ ಸದೃಶವೂ ಅಷ್ಟೇ ಭಿನ್ನವೂ ಆಗಿರುವಾಗ, ಯಾವುದಕ್ಕೆ ಯಾವುದನ್ನು ಎಷ್ಟು ಸೇರಿಸಬೇಕೆಂಬುದನ್ನು ಯಾವ ಪುಸ್ತಕ ಹೇಳೀತು? ತಾವು ಕುದಿಸದೆ, ಬೇರೆ ಮನೆಗಳ ರಸವನ್ನು ತಂದು ಹದಗೊಳಿಸಿ ಬೆರಸುವುದನ್ನೇ ವೃತ್ತಿಯಾಗಿ ಹಿಡಿದವರು ಅಲ್ಲಿದ್ದಾರೆ. ಅವರನ್ನು ಗ್ಯೂಜ್‌ಸ್ಟೇಕರರೆಂದು ಕರೆಯುತ್ತಾರೆ.

ರಸಿಕರ ವಾದವೆಲ್ಲ ಬೆರಸುವ ಕೈಗಳನ್ನು ಕುರಿತದ್ದು. ಕಾಂತಿಯೋಂನ ಗ್ಯೂಜ್ ನಿಂಬೆಯಂತೆ ತೀಕ್ಷ್ಣ, ಸಿಹಿಯ ಸುಳಿವೇ ಇಲ್ಲದಷ್ಟು ಶುಷ್ಕ. ಅದೇ ಅದರ ಸತ್ಯವೆಂದು ಒಬ್ಬನೆಂದರೆ, ಲೆಂಬೇಕ್ ಎಂಬ ಊರಿನಲ್ಲಿ 1970ರ ದಶಕದಿಂದ ಈ ಕೆಲಸವನ್ನು ಎತ್ತಿಹಿಡಿದ ಫ್ರಾಂಕ್ ಬೋನ್ ಅವರ ಮನೆಯದು ದುಂಡಾಗಿ, ಮೃದುವಾಗಿ, ಓಕಿನ ಪರಿಮಳದಿಂದ ಕೂಡಿ, ಊಟದ ಜೊತೆಗೂ ಒಗ್ಗುತ್ತದೆಂದು ಇನ್ನೊಬ್ಬನು ಹೇಳುತ್ತಾನೆ. ಬೇರ್ಸೆಲಿನ ದ್ರೀ ಫೊಂಟೇನನ್ ಮನೆಯದು ಇವೆರಡರ ನಡುವೆ ನಿಂತು, ಹೊಲದ ಹುಲ್ಲಿನ ವಾಸನೆಯನ್ನು ತರುತ್ತದೆಂಬುದು ಮೂರನೆಯವನ ಪಕ್ಷ. ಮೂವರೂ ಒಂದೇ ಮೇಜಿನಲ್ಲಿ ಮೂರು ಶೀಷೆಗಳನ್ನು ಬೆತ್ತದ ಬುಟ್ಟಿಗಳಲ್ಲಿ ಓರೆಯಾಗಿ ಮಲಗಿಸಿಕೊಂಡು, ತಳದ ಗಸಿ ಕದಡದಂತೆ ಬಗ್ಗಿಸುತ್ತ, ಸಂಜೆಯವರೆಗೆ ಕೂರುತ್ತಾರೆ.

ಈ ಶೀಷೆಗಳು ಇಂದು ನಮಗೆ ಉಳಿದಿರುವುದು ಸಣ್ಣ ಸಂಗತಿಯಲ್ಲ. ಎರಡನೆಯ ಮಹಾಯುದ್ಧದ ಅನಂತರ ಸಿಹಿಯ, ತಂಪಾದ, ಅಗ್ಗದ ಪಾನೀಯಗಳ ಪ್ರವಾಹದಲ್ಲಿ ಈ ಹುಳಿಯನ್ನು ಕೇಳುವವರು ಕಡಿಮೆಯಾಗಿ, ಮನೆಯಾದಮೇಲೆ ಮನೆ ಬಾಗಿಲು ಹಾಕಿತು. ಉಳಿದವರಲ್ಲಿಯೂ ಹಲವರು ಸಕ್ಕರೆ ಬೆರಸಿದರು. ಬೆಲ್ಜಿಯಮಿನ ಬಿಯರುಗಳನ್ನು ಕುರಿತು 1977ರಿಂದ ಬರೆಯುತ್ತ ಬಂದ ಇಂಗ್ಲೆಂಡಿನ ಲೇಖಕ ಮೈಕೆಲ್ ಜಾಕ್ಸನ್ ಹೊರಗಿನ ಓದುಗರನ್ನು ಆ ಬಾಗಿಲುಗಳವರೆಗೆ ಕರೆತಂದರು. 1997ರಲ್ಲಿ ಲ್ಯಾಂಬಿಕ್ ತಯಾರಕರು ಹೋರಾಲ್ ಎಂಬ ಸಂಘವನ್ನು ಕಟ್ಟಿದರು; ಅದೇ ವರ್ಷ ‘ಹಳೆಯ ಗ್ಯೂಜ್’ ಎಂಬ ಹೆಸರಿಗೆ ಯೂರೋಪಿನ ಕಾನೂನಿನ ರಕ್ಷೆ ದೊರೆಯಿತು. 2016ರಲ್ಲಿ ಬೆಲ್ಜಿಯಮಿನ ಬಿಯರ್ ಸಂಸ್ಕೃತಿಯನ್ನು ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು.

ಹೋರಾಲ್ ಸಂಘದ ಮುಂದಾಳುವಾಗಿದ್ದ, ದ್ರೀ ಫೊಂಟೇನನ್ ಮನೆಯ ಅರ್ಮಾಂಡ್ ಡೆಬೆಲ್ಡರ್ ಅವರ ಪಾಲಿಗೆ 2009ರ ಮೇ ತಿಂಗಳು ಕ್ರೂರವಾಗಿ ಬಂತು. ಶೀಷೆಗಳನ್ನು ಹದಗೊಳಿಸುವ ಬೆಚ್ಚನೆಯ ಕೋಣೆಯ ತಾಪನಿಯಂತ್ರಕ ಕೆಟ್ಟು, ಶಾಖ ಏರುತ್ತಲೇ ಹೋಗಿ, ಸಾವಿರಾರು ಶೀಷೆಗಳು ಸಿಡಿದುವು. ಸಿಡಿಯದೆ ಉಳಿದ ಹತ್ತಾರು ಸಾವಿರಗಳಲ್ಲಿನ ಗ್ಯೂಜ್ ಬೆಂದು ಹಾಳಾಗಿತ್ತು. ವರ್ಷಗಳ ಕಾಯುವಿಕೆ ಒಂದೇ ಸಲಕ್ಕೆ ಹೋಯಿತು. ಆಗ ನೆರವಿಗೆ ಬಂದವರಲ್ಲಿ ಬಿಯರ್ ಪ್ರಿಯರೂ ಇದ್ದರು. ಒಂದೊಂದೇ ಶೀಷೆಯ ಬಿರಡೆಯನ್ನು ತೆಗೆದು ಬರಿದುಮಾಡುವ ಕೆಲಸಕ್ಕೆ ಅವರು ಕೈಜೋಡಿಸಿದರು. ಹಾಗೆ ಸಂಗ್ರಹಿಸಿದುದನ್ನು ಬಟ್ಟಿಯಿಳಿಸಿ ಡೆಬೆಲ್ಡರ್ ಒಂದು ಮದ್ಯಸಾರವನ್ನು ಮಾಡಿ ಮಾರಿದರು, ಮನೆ ನಿಂತಿತು. 2022ರಲ್ಲಿ ಅವರು ತೀರಿಕೊಂಡರು. ಇಂದು ಅಲ್ಲಿಗೆ ಹೋಗಿ ಲೋಟವೆತ್ತುವವರಲ್ಲಿ ಹಲವರು ಆ ಹೆಸರನ್ನು ಮೊದಲು ನೆನೆಯುತ್ತಾರೆ.

ಈಚಿನ ಆತಂಕ ಬೇರೆ ಬಗೆಯದು. ರಾತ್ರಿಯ ಚಳಿ ತಕ್ಕಷ್ಟಿಲ್ಲದಿದ್ದರೆ ತೊಟ್ಟಿಯ ರಸ ನಿಧಾನವಾಗಿ ತಣಿದು, ಬೇಡದ ಜೀವಿಗಳೂ ಇಳಿಯುತ್ತವಾದ್ದರಿಂದ, ಅಕ್ಟೋಬರಿನ ಕೊನೆಯಿಂದ ಏಪ್ರಿಲಿನ ಆರಂಭದವರೆಗೆ ಮಾತ್ರ ಕುದಿಸುವುದು ಸಂಪ್ರದಾಯ. 2015ರ ಶರತ್ಕಾಲದಲ್ಲಿ ಚಳಿ ಬಾರದೆ ಕಾಂತಿಯೋಂನವರು ಕೆಲಸವನ್ನು ಕೆಲಕಾಲ ನಿಲ್ಲಿಸಬೇಕಾಯಿತು. ತೊಟ್ಟಿಗೆ ಯಂತ್ರದ ತಂಪನ್ನು ಕೊಡುವುದೆಂದರೆ, ಕಿಟಕಿಯನ್ನು ಮುಚ್ಚುವುದೆಂದೇ ಅರ್ಥ.

ಹೋಗಿ ನೋಡುವ ಮನಸ್ಸುಳ್ಳವರಿಗೆ ಒಂದು ಮಾತು: ಚಳಿಗಾಲದ ಹಂಗಾಮಿನಲ್ಲಿ ಒಂದೆರಡು ದಿನ, ಸಾಮಾನ್ಯವಾಗಿ ನವೆಂಬರಿನಲ್ಲಿ ಮತ್ತು ಮಾರ್ಚಿನಲ್ಲಿ, ಕಾಂತಿಯೋಂನವರು ಕುದಿಸುವ ಕಾರ್ಯವನ್ನು ಎಲ್ಲರಿಗೂ ತೆರೆದಿಡುತ್ತಾರೆ. ಆ ದಿನ ಹೊತ್ತು ಮೂಡುವ ಮುಂಚೆಯೇ ಹೋಗಬೇಕು. ಗೋಧಿಯೂ ಮಾಲ್ಟೂ ಬಿಸಿನೀರಿಗೆ ಬಿದ್ದಾಗ ಏಳುವ, ಅಂಬಲಿ ಕಾಯಿಸುವ ಒಲೆಯ ಮುಂದಿನ ನೆನಪನ್ನು ತರುವ ಆ ಕಮ್ಮನೆಯ ಹಬೆ, ಬೀದಿಯ ತಿರುವಿನಲ್ಲಿಯೇ ದಾರಿ ತೋರಿಸುತ್ತದೆ.