ಕರುವಿಗೆ ಹುಚ್ಚು ಹಿಡಿಸಿದ ಹಾಲು

ತಾಯಿಯ ಕೆಚ್ಚಲಿಗೆ ಬಾಯಿಟ್ಟು ಹಾಲುಂಡು ಆಡಿಕೊಂಡಿದ್ದ ಎಳೆಗರು ಇದ್ದಕ್ಕಿದ್ದಂತೆ ಕಿವಿ ನಿಮಿರಿಸಿ, ಕಣ್ಣರಳಿಸಿ ನಡುಗತೊಡಗುತ್ತದೆ. ಸಣ್ಣ ಸಪ್ಪಳಕ್ಕೂ ಬೆಚ್ಚಿ ಸುತ್ತಿ ಸುತ್ತಿ ಓಡುತ್ತದೆ. ಎದುರಿನ ಬೇಲಿಯೂ ಅದಕ್ಕೆ ಕಾಣದು. ಡಿಕ್ಕಿ ಹೊಡೆದು ಬಿದ್ದು, ಸೆಳವಿನಿಂದ ಒದ್ದಾಡುತ್ತದೆ. ಕೆಲವು ಅಲ್ಲಿಯೇ ಅಸುನೀಗುವುದೂ ಉಂಟು. ಹುಚ್ಚುನಾಯಿ ಕಚ್ಚಿದ್ದಲ್ಲ, ವಿಷದ ಗಿಡ ಮೇದದ್ದೂ ಅಲ್ಲ. ಅಚ್ಚರಿಯೆಂದರೆ, ಹಾಲು ಕೊಟ್ಟ ತಾಯಿ ಎಷ್ಟೋ ಬಾರಿ ಏನೂ ಆಗದಂತೆ ಪಕ್ಕದಲ್ಲಿಯೇ ಮೆಲುಕು ಹಾಕುತ್ತಿರುತ್ತದೆ!

ಅಮೆರಿಕದ ಸಂಯುಕ್ತ ಸಂಸ್ಥಾನದ ದನ ಸಾಕುವವರು ಈ ಬೇನೆಗೆ ‘ಬೋವೈನ್ ಬಾಂಕರ್ಸ್’ ಎಂದು, ಎಂದರೆ ದನದ ಹುಚ್ಚೆಂದು, ಹಾಸ್ಯದ ಹೆಸರಿಟ್ಟರು. ಕರು ಕಳೆದುಕೊಂಡವರಿಗೆ ಅದರಲ್ಲಿ ಹಾಸ್ಯವೇನೂ ಕಂಡಿರಲಾರದು.

ಕೇಡಿನ ಮೂಲವಿದ್ದುದು ಒಂದು ಸದುದ್ದೇಶದಲ್ಲಿ. ಒಣಹುಲ್ಲಿನಲ್ಲಿ ಸಾರ ಕಡಮೆ. ಬಣವೆಗೆ ಪ್ಲಾಸ್ಟಿಕ್ ಹೊದಿಕೆ ಹೊದಿಸಿ, ಹುಲ್ಲಿನ ತೂಕದ ನೂರಕ್ಕೆ ಸುಮಾರು 3ರಷ್ಟು ಅಮೋನಿಯಾವನ್ನು ಒಳಗೆ ಹಾಯಿಸಿದರೆ ಗಡಸು ನಾರು ಮೆದುವಾಗಿ ಸುಲಭವಾಗಿ ಜೀರ್ಣವಾಗುತ್ತದೆ. ಸಾರಜನಕದ ಅಂಶವೂ ಹೆಚ್ಚುತ್ತದೆ. ಕಾಳು ಬಡಿದು ಉಳಿದ ಗೋಧಿಯ ಹುಲ್ಲಿಗೆ ಹೀಗೆ ಮಾಡಿದಾಗ ತೊಂದರೆಯಿರಲಿಲ್ಲ. ಒಳ್ಳೆಯದನ್ನು ಇನ್ನೂ ಒಳ್ಳೆಯದಾಗಿಸುವ ಆಸೆಯಿಂದ, ಸಕ್ಕರೆಯಂಶ ತುಂಬಿದ ಹಸನಾದ ಮೇವಿಗೂ, ಜೋಳದ ಜಾತಿಯ ಹುಲ್ಲಿಗೂ, ಅದೇ ಉಪಚಾರ ನಡೆದಾಗ ಕೇಡು ಮೊದಲಾಯಿತು. ಅಮೋನಿಯಾ ಮೇವಿನ ತೇವದಲ್ಲಿ ಕರಗುವಾಗ ಕಾವು ಹುಟ್ಟುತ್ತದೆ. ಬಿಸಿಲು ಅದಕ್ಕೆ ಕೂಡಿಕೊಳ್ಳುತ್ತದೆ. ಆ ಕಾವಿನಲ್ಲಿ ಸಕ್ಕರೆಯೂ ಅಮೋನಿಯಾವೂ ಸಂಯೋಗ ಹೊಂದಿ ‘4-ಮೀಥೈಲ್ ಇಮಿಡಜೋಲ್’ ಎಂಬ ವಸ್ತುವೂ ಅದನ್ನು ಹೋಲುವ ಬೇರೆ ಕೆಲವೂ ಉಂಟಾಗುತ್ತವೆ. ಇವು ಹಸುವಿನ ರಕ್ತದಿಂದ ಹಾಲಿಗಿಳಿದು ಕರುವಿನ ನರಮಂಡಲವನ್ನು ಕೆರಳಿಸುತ್ತವೆ.

ಇದು ತೀರ ಹೊಸ ಸಂಗತಿಯೇನಲ್ಲ. 1950ರ ದಶಕದಲ್ಲಿಯೇ, ಕಾಕಂಬಿಗೆ ಅಮೋನಿಯಾ ಸೇರಿಸಿ ಕಾವಿನಲ್ಲಿ ತಯಾರಿಸಿದ ಆಹಾರವನ್ನು ತಿಂದ ದನಗಳು ಹೀಗೆಯೇ ಹುಚ್ಚೆದ್ದು ಓಡಿದ್ದವು. ಕೋಲಾ ಪಾನೀಯಗಳ ಕಂದುಬಣ್ಣಕ್ಕಾಗಿ ಬಳಸುವ ಕ್ಯಾರಮೆಲ್‌ನಲ್ಲಿಯೂ ಇದೇ ವಸ್ತು ಅತ್ಯಲ್ಪ ಪ್ರಮಾಣದಲ್ಲಿದೆ. 2011ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವವುಳ್ಳ ವಸ್ತುಗಳ ಸಾಲಿಗೆ ಸೇರಿಸಿದರು. ಆ ಸಾಲಿಗೆ ಸೇರಿದ ಮಾತ್ರಕ್ಕೆ ಲೋಟ ಹಿಡಿದ ಕೈ ನಡುಗಬೇಕಾಗಿಲ್ಲ.

ಬೇನೆಗೆ ಔಷಧಕ್ಕಿಂತ ಮೊದಲ ಉಪಾಯ ಮೇವನ್ನು ಬದಲಿಸುವುದು. ಕರುವನ್ನು ಆ ಹಾಲಿನಿಂದ ದೂರವಿಡುವುದು. ಹೀಗೆ ಮಾಡಿದಾಗ ಎಷ್ಟೋ ಕರುಗಳು ಚೇತರಿಸಿಕೊಳ್ಳುತ್ತವೆ.

ಕನ್ನಡನಾಡಿನ ಹೈನುಗಾರರಿಗೂ ಈ ಉಪಚಾರದ ತಂಗಿಯೊಬ್ಬಳ ಪರಿಚಯವುಂಟು: 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಚಿಮುಕಿಸಿ, ಮೂರು ವಾರ ಗಾಳಿಯಾಡದಂತೆ ಮುಚ್ಚಿಡುವುದು. ಯೂರಿಯಾ ನಿಧಾನವಾಗಿ ಅಮೋನಿಯಾವನ್ನು ಬಿಡುತ್ತದೆ. ಭತ್ತದ ಹುಲ್ಲಿನಲ್ಲಿ ಸಕ್ಕರೆ ತೀರ ಕಡಮೆಯಾದುದರಿಂದ ಅಲ್ಲಿ ಈ ಭಯಕ್ಕೆ ಎಡೆ ಅಲ್ಪ. ರಸಭರಿತ ಹಸಿಜೋಳದ ಮೇವಿನ ಮಾತು ಬೇರೆ. ಅದಕ್ಕೆ ಈ ಉಪಚಾರದ ಅಗತ್ಯವೂ ಇಲ್ಲ.