ಶರಾವತೀ ತೀರದ ಹಾಳುಮನೆಗಳೂ ‘ಮುಳುಗಡೆ’ ಎಂಬ ಶಬ್ದವೂ

‘ಮುಳುಗಡೆ’ ಎಂಬುದು ಬಿಡುಗಡೆ, ನಿಲುಗಡೆಗಳಂತೆ ಒಂದು ಭಾವನಾಮವೆಂದು ವೈಯಾಕರಣರು ಹೇಳಿ ಮುಗಿಸಬಹುದು. ಆದರೆ ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಸೀಮೆಗಳಲ್ಲಿ ಈ ಶಬ್ದವು ಧಾತ್ವರ್ಥವನ್ನು ಮೀರಿ ಬೆಳೆದಿರುವುದು. ಅಲ್ಲಿ ಅದು ನೀರಿನೊಳಗಾದ ನೆಲದ ಹೆಸರು. ಆ ನೆಲವನ್ನು ಬಿಟ್ಟು ಬಂದವರಿಗೂ ‘ಮುಳುಗಡೆಯವರು’ ಎಂದೇ ಹೆಸರು. ಕ್ರಿಯೆಯೊಂದು ಕುಲನಾಮದಂತೆ ಜನರಿಗೆ ಅಂಟಿಕೊಂಡ ಇಂತಹ ಉದಾಹರಣೆಗಳು ನಮ್ಮ ಭಾಷೆಯಲ್ಲಿ ವಿರಳ.

ಶರಾವತಿಗೆ ಮೊದಲು ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟೆಯನ್ನು ಕಟ್ಟಿದರು. ಜೋಗದಲ್ಲಿ 1948ರಲ್ಲಿ ಆರಂಭವಾದ ವಿದ್ಯುದಾಗಾರಕ್ಕೆ ಅದರ ನೀರೇ ಆಧಾರ. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆಯು ಮುಗಿಯಲು, ಹಳೆಯ ಕಟ್ಟೆಯೂ ಹೊಸ ಜಲಾಶಯದಲ್ಲಿ ಮುಳುಗಿತು. (‘ಮಕ್ಕಿ’ ಎಂದರೆ ಮಳೆಯನ್ನೇ ನಂಬಿ ಬತ್ತ ಬೆಳೆಯುವ ಎತ್ತರದ ಗದ್ದೆ.)

ಕಡುಬೇಸಗೆಯಲ್ಲಿ ನೀರು ತೀರ ಇಳಿದರೆ ಮಡೆನೂರಿನ ಕಟ್ಟೆಯು ಪುನಃ ಕಾಣಿಸಿಕೊಳ್ಳುವುದು. ಕಲ್ಲಿನ ಅಡಿಪಾಯವಿದ್ದ ಮನೆಗಳ ಕುರುಹೂ ಹಾಗೆಯೇ ತೋರೀತು. ಆದರೆ ಗದ್ದೆಯಲ್ಲಿ ದುಡಿಯುತ್ತಿದ್ದ ಆಳುಮಕ್ಕಳ ಬಿಡಾರಗಳೆಲ್ಲಿ? ಮಣ್ಣಿನ ಗೋಡೆಗೂ ಹುಲ್ಲಿನ ಮಾಡಿಗೂ ನೀರಿನಲ್ಲಿ ಬಾಳಿಕೆಯಿಲ್ಲ. ಆದುದರಿಂದ ಅವಶೇಷಗಳನ್ನು ಮಾತ್ರ ನೋಡಿ ಊರಿನ ಚರಿತ್ರೆಯನ್ನು ಬರೆಯುವವನು, ತಿಳಿಯದೆಯೇ ಒಡೆಯರ ಚರಿತ್ರೆಯನ್ನು ಬರೆದಾನು.

ಕಾಗದಪತ್ರಗಳಿಂದಲೂ ಈ ದೋಷವು ಪರಿಹಾರವಾಗದು. ಬಾಯಿಮಾತಿನ ಗೇಣಿಗೆ ಪತ್ರವಿಲ್ಲ. ಕೂಲಿಗಂತೂ ಇಲ್ಲವೇ ಇಲ್ಲ. ಈ ಸೀಮೆಯ ಗೇಣಿದಾರರು ಮೂಕರಾಗಿದ್ದರೆಂದಲ್ಲ. ಗೇಣಿಯ ಬತ್ತವನ್ನು ಅಳೆಯುವ ಕೊಳಗದ ಪ್ರಮಾಣವೇ ವಿವಾದವಾಗಿ 1951ರಲ್ಲಿ ಕಾಗೋಡಿನಲ್ಲಿ ಸತ್ಯಾಗ್ರಹ ನಡೆದುದು ಪ್ರಸಿದ್ಧವಾಗಿದೆ. ಉಳುವವನಿಗೆ ಭೂಮಿಯನ್ನು ಕೊಟ್ಟ ತಿದ್ದುಪಡಿಯು ಜಾರಿಗೆ ಬಂದುದು 1974ರಲ್ಲಿ. ಅಷ್ಟರಲ್ಲಿ ಲಿಂಗನಮಕ್ಕಿಯ ಕಟ್ಟೆಗೆ ಹತ್ತು ವರ್ಷ ತುಂಬಿದ್ದಿತು. ನಾಡಿನ ಬೇರೆಡೆಯ ಗೇಣಿದಾರನು ಆಗ ತಾನು ಉಳುತ್ತಿದ್ದ ಗದ್ದೆಯನ್ನು ತೋರಿಸಿ ಹಕ್ಕು ಕೇಳಬಹುದಾಗಿತ್ತು. ಮುಳುಗಡೆಯವನಿಗೆ ತೋರಿಸಲು ಗದ್ದೆಯೇ ಇರಲಿಲ್ಲ. ಈ ಒಂದು ಕಾಲವ್ಯತ್ಯಾಸವನ್ನು ಗಮನಿಸದೆ ಆ ಜನರ ನೆನಪುಗಳನ್ನು ಬರಿಯ ಹಳಹಳಿಕೆಯೆಂದು ತಳ್ಳಿಹಾಕುವುದು ಅನ್ಯಾಯವೆಂದು ನನ್ನ ಭಾವನೆ.

ಸ್ಮೃತಿಯು ನಿರ್ದೋಷವಾದ ಪ್ರಮಾಣವೆಂದು ನಾನು ಹೇಳೆನು. ವರ್ಷಗಳು ತಪ್ಪುವುವು; ಕಳೆದುಹೋದ ಗದ್ದೆಯು ಪ್ರತಿಸಲದ ಹೇಳಿಕೆಯಲ್ಲಿ ಇನ್ನಷ್ಟು ಫಲವತ್ತಾಗುವುದುಂಟು. ಆದರೆ ‘ನಿಮ್ಮ ಊರು ಹೇಗಿತ್ತು?’ ಎಂದು ಕೇಳುವುದನ್ನು ಬಿಟ್ಟು, ‘ಬಿಡಾರದಿಂದ ಗದ್ದೆಗೆ ಯಾವ ದಾರಿಯಲ್ಲಿ ಹೋಗುತ್ತಿದ್ದಿರಿ? ದರಕನ್ನು ಎಲ್ಲಿಂದ ತರುತ್ತಿದ್ದಿರಿ?’ ಎಂದು ಕೇಳಿದರೆ ಉತ್ತರದ ಜಾತಿಯೇ ಬೇರೆ. ಹಕ್ಕಲು, ಬ್ಯಾಣ, ಸೊಪ್ಪಿನಬೆಟ್ಟ ಎಂಬ ಮಾತುಗಳು ಆಗ ಒಂದು ನೆಲದ ಗಡಿಗಳಾಗಿ ಬರುವುವು. ಹಲವರು ಬೇರೆಬೇರೆಯಾಗಿ ಹೇಳಿದ ದಾರಿಗಳನ್ನು ಹಳೆಯ ಗ್ರಾಮನಕ್ಷೆಯೊಡನೆ ಹೋಲಿಸಿ ನೋಡಲೂ ಬಹುದು.

1964ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಈಗ ಎಂಬತ್ತನ್ನು ದಾಟಿರುವರು. ಸಾಗರದ ಕಡೆಯ ಅಧ್ಯಾಪಕ ಮಿತ್ರರು ಈ ಬೇಸಗೆಯ ರಜೆಯಲ್ಲಿ ಒಂದೊಂದು ಮನೆಯ ದಾರಿಯನ್ನಾದರೂ ಕೇಳಿ ಬರೆದಿಡಬೇಕೆಂದು ಕೋರುವೆನು.