ಅರ್ಧಕ್ಕೆ ನಿಂತ ಫೋಟೊ: ರಿಪೇರಿ ಸಾಫ್ಟ್‌ವೇರ್‌ನಲ್ಲಿ ಏನು ಬದಲಾಗಬೇಕು?

ಮೆಮೊರಿ ಕಾರ್ಡ್‌ನಿಂದ ಕಾಪಿ ಮಾಡಿದ ಮದುವೆ ಫೋಟೊ ತೆರೆದರೆ ಮೇಲರ್ಧ ಸರಿ, ಕೆಳಗೆಲ್ಲ ಬರೀ ಬೂದು ಬಣ್ಣ. ಸ್ಟುಡಿಯೋದವರಿಗೆ, ಮೊಬೈಲ್ ಅಂಗಡಿಯವರಿಗೆ ಇದು ಹೊಸದಲ್ಲ. ಕಾಪಿ ಆಗುವಾಗಲೇ ಕಾರ್ಡ್ ಕಿತ್ತರೆ, ಕಾರ್ಡೇ ಕೆಟ್ಟಿದ್ದರೆ ಹೀಗಾಗುತ್ತೆ.

ಯಾಕೆ ಹೀಗೆ? ಜೆಪಿಇಜಿ ಫೈಲ್‌ನಲ್ಲಿ ಸಾಮಾನ್ಯವಾಗಿ ಚಿತ್ರದ ಡೇಟಾ ಮೇಲಿನಿಂದ ಕೆಳಕ್ಕೆ ಸರಪಳಿ ಥರ ಇರುತ್ತೆ. ನಡುವೆ ಕೊಂಡಿ ಕಳಚಿದರೆ ಮುಂದಿನದು ಎಡವಟ್ಟಾಗುತ್ತೆ. ಹೆಡರ್ ಅನ್ನೋ ಮೊದಲ ಭಾಗ ಕೆಟ್ಟರೆ ಫೋಟೊ ತೆರೆಯೋದೇ ಇಲ್ಲ. ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಒಳ್ಳೆ ಫೋಟೊದ ಹೆಡರ್ ಜೋಡಿಸಿದರೆ ಕೆಲವು ಸಲ ಸರಿಹೋಗುತ್ತೆ. ಆದರೆ ಇಲ್ಲವೇ ಇಲ್ಲದ ಡೇಟಾವನ್ನು ಯಾವ ಸಾಫ್ಟ್‌ವೇರೂ ವಾಪಸ್ ತರಲ್ಲ.

ಈ ಸತ್ಯವನ್ನು ಸಾಫ್ಟ್‌ವೇರ್ ಮೊದಲೇ ಹೇಳಬೇಕು. ಆಗಬೇಕಾದ್ದು ಇಷ್ಟು:

* ದುಡ್ಡು ಕಟ್ಟೋ ಮೊದಲೇ ಫೋಟೊ ಎಷ್ಟು ಸಿಗುತ್ತೆ ಅಂತ ತೋರಿಸಲಿ.
* ಮೂಲ ಫೈಲ್ ಮುಟ್ಟದೆ ಕಾಪಿ ಮೇಲೆ ಕೆಲಸ ಮಾಡಲಿ.
* ದೊಡ್ಡ ಚಿತ್ರ ಹೋದರೂ ಫೈಲ್ ಒಳಗೆ ಕ್ಯಾಮೆರಾ ಇಟ್ಟ ಪುಟ್ಟ ಥಂಬ್‌ನೇಲ್ ಉಳಿದಿರಬಹುದು. ಅದನ್ನು ತಾನಾಗೇ ಹುಡುಕಿ ಕೊಡಲಿ.
* ಎಐ ತುಂಬಿಸಿದ ಜಾಗಕ್ಕೆ ಗುರುತು ಹಾಕಲಿ. ತೀರಿಹೋದ ಅಜ್ಜಿಯ ಫೋಟೊದಲ್ಲಿ ಯಾರದೋ ಮುಖ ಬಂದರೆ ಅದು ರಿಪೇರಿ ಅಲ್ಲ.
* ಮೆನು, ಎಚ್ಚರಿಕೆ ಸಂದೇಶ ಕನ್ನಡದಲ್ಲಿರಲಿ.

ಅಲ್ಲಿವರೆಗೆ ನೀವು ಮಾಡಬೇಕಾದ್ದು: ಫೋಟೊ ಕೆಟ್ಟಿದ್ದು ಗೊತ್ತಾದ ಕೂಡಲೇ ಆ ಕಾರ್ಡ್ ಬಳಸೋದು ನಿಲ್ಲಿಸಿ, ಫಾರ್ಮ್ಯಾಟ್ ಮಾಡಬೇಡಿ. ಕಾರ್ಡ್‌ನಲ್ಲಿ ಉಳಿದ ಫೋಟೊ ಹುಡುಕಿ ತೆಗೆಯೋಕೆ ಫೋಟೊರೆಕ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಸಿಕ್ಕಿದ್ದನ್ನು ಕಂಪ್ಯೂಟರ್‌ಗೆ ಸೇವ್ ಮಾಡಿ, ಅದೇ ಕಾರ್ಡ್‌ಗೆ ಬೇಡ. ಫೈಲ್‌ಗಳ ಹಳೇ ಹೆಸರು ಹೋಗಿರಬಹುದು, ಫೋಟೊ ಸಿಕ್ಕರೆ ಸಾಕಲ್ವಾ?